ಶಬ್ದದಿಂದ ಮೆದುಳಿಗೆ ಚಿಕಿತ್ಸೆ: ಸುಡುವ ಅಲೆ ಬೇರೆ, ತಟ್ಟುವ ಅಲೆ ಬೇರೆ



ಹೋದ ವಾರದ ಲೇಖನಕ್ಕೆ ಬಂದ ಪ್ರಶ್ನೆಗಳ ನಡುವೆ ಥಾಣೆಯ ಓದುಗರೊಬ್ಬರು ಒಂದು ವಿಡಿಯೋ ಕಳಿಸಿದ್ದರು. ನಿಮ್ಮಲ್ಲಿ ಕೆಲವರಿಗಾದರೂ ಅದು ಬಂದಿರಬಹುದು. ಒಬ್ಬ ಅಜ್ಜ ನೀರಿನ ಲೋಟ ಹಿಡಿದರೆ ಅರ್ಧ ನೀರು ಅಂಗಿಯ ಮೇಲೆ. ತಲೆಗೆ ದೊಡ್ಡ ಟೋಪಿಯಂಥದ್ದು ಹಾಕಿ ಅವರನ್ನು ಯಂತ್ರದೊಳಗೆ ಮಲಗಿಸುತ್ತಾರೆ. ಹೊರಗೆ ಬಂದ ಮೇಲೆ ಅದೇ ಅಜ್ಜ ಒಂದು ಹನಿಯೂ ಚೆಲ್ಲದೆ ನೀರು ಕುಡಿಯುತ್ತಾರೆ. ಕೆಳಗೆ ಹಿಂದಿಯಲ್ಲಿ ಬರಹ: ಕೊಯ್ಯುವುದಿಲ್ಲ, ರಕ್ತ ಇಲ್ಲ, ಬರೀ ಶಬ್ದದ ಅಲೆಯಿಂದ ಪಾರ್ಕಿನ್ಸನ್, ಮರೆವು, ಖಿನ್ನತೆ, ಲಕ್ವ ಎಲ್ಲವೂ ಗುಣ.

ಅವರ ಪ್ರಶ್ನೆ ಹೀಗಿತ್ತು: "ಊರಲ್ಲಿರೋ ಅಮ್ಮನಿಗೆ ಮರೆವು ಶುರುವಾಗಿದೆ. ಇಲ್ಲಿಗೆ ಕರೆಸಿಕೊಂಡು ಇದನ್ನು ಮಾಡಿಸಲಾ? ಒಂದು ಕ್ಲಿನಿಕ್‌ನವರು ಹತ್ತು ಸಿಟ್ಟಿಂಗ್ ಅಂತ ಹೇಳಿ ದೊಡ್ಡ ಮೊತ್ತ ಕೇಳ್ತಿದ್ದಾರೆ."

ಆ ವಿಡಿಯೋ ಸುಳ್ಳಲ್ಲ. ಕೆಳಗಿನ ಬರಹ ಸುಳ್ಳು. ಎರಡನ್ನೂ ಸೇರಿಸಿದ್ದರಿಂದ ನಂಬಿಕೆ ಬರುವಂತಾಗಿದೆ. ಶಬ್ದದ ಅಲೆಯಿಂದ ಮೆದುಳಿಗೆ ಮಾಡುವ ಕೆಲಸದಲ್ಲಿ ಎರಡು ಬಗೆ ಇವೆ. ಒಂದು ಸುಡುತ್ತದೆ, ಅದು ಚಿಕಿತ್ಸೆ. ಇನ್ನೊಂದು ಮೆಲ್ಲಗೆ ತಟ್ಟುತ್ತದೆ, ಅದು ಈಗಲೂ ಸಂಶೋಧನೆ. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವವರು ಹುಟ್ಟಿಕೊಂಡಿರುವುದರಿಂದ ಇವತ್ತು ಇದನ್ನೇ ಬಿಡಿಸಿ ನೋಡೋಣ.

*ಸ್ಕ್ಯಾನಿಂಗ್ ರೂಮಿನಿಂದ ಶುರು ಮಾಡೋಣ*

ಮಗಳನ್ನೋ ಸೊಸೆಯನ್ನೋ ಬಸುರಿಯಲ್ಲಿ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದವರಿಗೆ ಅಲ್ಟ್ರಾಸೌಂಡ್ ಹೊಸದಲ್ಲ. ಲಿಂಗ ಪತ್ತೆ ಅಪರಾಧ ಎಂಬ ಬೋರ್ಡನ್ನು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಓದಿಕೊಂಡು ಹೊರಗೆ ಕೂತಿರುತ್ತೇವೆ. ಒಳಗೆ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಓಡಿಸುತ್ತಾರೆ. ಆ ಹಿಡಿಯಿಂದ ಹೊರಡುವುದು ಶಬ್ದವೇ, ಆದರೆ ನಮ್ಮ ಕಿವಿಗೆ ಕೇಳದ ಶಬ್ದ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನದ ಶಬ್ದ. ಅದು ಒಳಗೆ ಹೋಗಿ, ತಗುಲಿ, ವಾಪಸ್ ಬಂದ ಪ್ರತಿಧ್ವನಿಯಿಂದ ಚಿತ್ರ ಮೂಡುತ್ತದೆ. ಅಲ್ಲಿ ಅಲೆಯ ಕೆಲಸ ನೋಡುವುದು ಮಾತ್ರ.

ಈಗ ಚಿಕ್ಕಂದಿನ ಆಟ ನೆನಪು ಮಾಡಿಕೊಳ್ಳಿ. ಭೂತಗನ್ನಡಿ ಹಿಡಿದು ಬಿಸಿಲನ್ನು ಒಂದೇ ಚುಕ್ಕೆಗೆ ತಂದರೆ ಕಾಗದ ಹೊಗೆಯಾಡುತ್ತಿತ್ತು. ಅದೇ ಬಿಸಿಲು ನಮ್ಮ ಕೈಮೇಲೆ ಬಿದ್ದರೆ ಏನೂ ಆಗುತ್ತಿರಲಿಲ್ಲ. ಶಬ್ದದ ಅಲೆಯನ್ನೂ ಹೀಗೆ ಒಂದು ಚುಕ್ಕೆಗೆ ಕೂಡಿಸಬಹುದು. ದಾರಿಯಲ್ಲಿ ಪ್ರತಿ ಅಲೆಯೂ ದುರ್ಬಲ, ಕೂಡುವ ಜಾಗದಲ್ಲಿ ಮಾತ್ರ ಬಲ. ಹೀಗಾಗಿ ಮೇಲಿನ ಮೆದುಳನ್ನು ಮುಟ್ಟದೆ ಆಳದ ಒಂದು ಜಾಗಕ್ಕೆ ಪೆಟ್ಟು ಕೊಡಬಹುದು.

ಕೇಳಲು ಸುಲಭ, ಆದರೆ ನಡುವೆ ತಲೆಬುರುಡೆ ಇದೆ. ಬುರುಡೆ ಶಬ್ದವನ್ನು ಹೀರುತ್ತದೆ, ಚದುರಿಸುತ್ತದೆ. ಎಲ್ಲ ಕಡೆ ಒಂದೇ ದಪ್ಪವೂ ಇಲ್ಲ. ದಪ್ಪ ಮೂಳೆ ದಾಟಿ ಬಂದ ಅಲೆಗೂ ತೆಳು ಮೂಳೆ ದಾಟಿದ ಅಲೆಗೂ ಹೊತ್ತಿನ ವ್ಯತ್ಯಾಸ ಬಂದು, ಕೂಡಬೇಕಾದ ಚುಕ್ಕೆಯಲ್ಲಿ ಕೂಡುವುದಿಲ್ಲ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಡೊಳ್ಳು ಕುಣಿತ ನೋಡಿದ್ದೀರಲ್ಲ. ಎಲ್ಲರ ಪೆಟ್ಟೂ ಒಟ್ಟಿಗೆ ಬಿದ್ದರೆ ಎದೆ ನಡುಗುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಾರಿಸಿದರೆ ಬರೀ ಗದ್ದಲ. ಈ ತೊಂದರೆಗೆ ಎರಡು ಪರಿಹಾರ ಸಿಕ್ಕಿತು. ಒಂದು, ಕಂಪನ ಕಡಿಮೆ ಮಾಡುವುದು. ಸೆಕೆಂಡಿಗೆ ಕೆಲವು ಲಕ್ಷ ಕಂಪನಕ್ಕೆ ಇಳಿಸಿದರೆ ಮೂಳೆ ದಾಟುವುದು ಸುಲಭ. ಎರಡು, ಒಂದೇ ಮೂಲದ ಬದಲು ನೂರಾರು ಸಣ್ಣ ಮೂಲಗಳನ್ನು ಟೋಪಿಯಂತೆ ಜೋಡಿಸುವುದು. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಆ ವ್ಯಕ್ತಿಯ ಬುರುಡೆಯನ್ನು ಅಳೆದು, ಯಾವ ಮೂಲ ಯಾವ ಕ್ಷಣ ಬಾರಿಸಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಂದರೆ ಪ್ರತಿಯೊಬ್ಬರ ತಲೆಗೂ ಬೇರೆ ಲೆಕ್ಕ. ಅಳತೆಯಿಲ್ಲದೆ "ಎಲ್ಲರಿಗೂ ಇದೇ ಸೆಟ್ಟಿಂಗ್" ಅನ್ನುವ ಕಡೆ ಏನು ನಡೆಯುತ್ತಿದೆ ಎಂದು ನೀವೇ ಊಹಿಸಿ.

*ಸುಡುವ ಅಲೆ*

ವಿಡಿಯೋದ ಅಜ್ಜನಿಗೆ ಆಗಿದ್ದು ಇದು. ಆ ಟೋಪಿಯಲ್ಲಿ 1,024 ಮೂಲಗಳಿರುತ್ತವೆ. ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮೆದುಳಿನ ಆಳದಲ್ಲಿರುವ ಥಾಲಮಸ್ ಎಂಬ ಭಾಗದ ಒಂದು ಪುಟ್ಟ ಜಾಗವನ್ನು ಹುಡುಕಿ, ಅಲ್ಲಿನ ಬಿಸಿಯನ್ನು ಎಂಆರ್‌ಐಯಲ್ಲೇ ನೋಡುತ್ತಾ ಏರಿಸುತ್ತಾರೆ. ಮೊದಲು ಸ್ವಲ್ಪ ಮಾತ್ರ ಬಿಸಿ ಮಾಡಿ ನಡುಕ ಕಡಿಮೆಯಾಯಿತೇ, ಬೇರೇನಾದರೂ ಕೆಟ್ಟಿತೇ ಎಂದು ಪರೀಕ್ಷೆ. ಜಾಗ ಸರಿಯಿದ್ದರೆ 55ರಿಂದ 60 ಡಿಗ್ರಿವರೆಗೆ ಏರಿಸುತ್ತಾರೆ. ಅಷ್ಟು ಜಾಗದ ನರಕೋಶಗಳು ಶಾಶ್ವತವಾಗಿ ಸಾಯುತ್ತವೆ. ನಡುಕವನ್ನು ಹುಟ್ಟುಹಾಕುವ ಜಾಲ ಅಲ್ಲಿಗೆ ತುಂಡಾಗುತ್ತದೆ. ಕೊಯ್ಯದಿದ್ದರೂ ಇದು ಆಪರೇಷನ್ನೇ, ಹಿಂದಕ್ಕೆ ತರಲು ಬರುವುದಿಲ್ಲ.

ಅಮೆರಿಕದ ಎಫ್‌ಡಿಎ ಇದಕ್ಕೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೊಟ್ಟಿದ್ದು ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕಕ್ಕೆ, ಅದೂ ಮಾತ್ರೆಗಳಿಂದ ಬಗ್ಗದಿದ್ದಾಗ. ಇದು ಪಾರ್ಕಿನ್ಸನ್ ಅಲ್ಲ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗಿ, ಏನಾದರೂ ಹಿಡಿಯಲು ಹೋದಾಗ ಕಡಿಮೆಯಾದರೆ ಅದು ಹೆಚ್ಚಾಗಿ ಪಾರ್ಕಿನ್ಸನ್ ಬಗೆ. ಸುಮ್ಮನಿದ್ದಾಗ ಸರಿಯಿದ್ದು, ಕಾಫಿ ಲೋಟ ಬಾಯಿಗೆ ತರುವಾಗ, ಸಹಿ ಹಾಕುವಾಗ, ಸೂಜಿಗೆ ದಾರ ಪೋಣಿಸುವಾಗ ನಡುಗಿದರೆ ಅದು ಹೆಚ್ಚಾಗಿ ಎಸೆನ್ಷಿಯಲ್ ಟ್ರೆಮರ್. ಮನೆತನದಲ್ಲಿ ಬರುವುದೂ ಉಂಟು. "ನಮ್ಮ ಅಜ್ಜನಿಗೂ ಹೀಗೇ ಇತ್ತು" ಎನ್ನುವ ಮಾತು ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ, ಮರೆಯದೆ ಹೇಳಿ.

ಆ ಒಪ್ಪಿಗೆಯ ಹಿಂದಿದ್ದ ಅಧ್ಯಯನ 76 ಜನರದು. 56 ಜನರಿಗೆ ನಿಜವಾದ ಚಿಕಿತ್ಸೆ, 20 ಜನರಿಗೆ ಟೋಪಿ ಹಾಕಿ ಮಲಗಿಸಿ ಅಲೆ ಬಿಡದ ನಾಟಕ. ಯಾರಿಗೆ ಯಾವುದು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. 3 ತಿಂಗಳ ನಂತರ ನಿಜ ಚಿಕಿತ್ಸೆ ಪಡೆದವರ ಕೈ ನಡುಕದ ಅಂಕ 18.1ರಿಂದ 9.6ಕ್ಕೆ ಇಳಿಯಿತು. ನಾಟಕದ ಗುಂಪಿನಲ್ಲಿ 16.0 ಇದ್ದದ್ದು 15.8. ಅರ್ಧದಷ್ಟು ಇಳಿಯುವುದೆಂದರೆ ಒಬ್ಬ ಮನುಷ್ಯ ತನ್ನ ಕೈಯಿಂದ ತಾನೇ ಊಟ ಮಾಡುವಂತಾಗುವುದು. ಆದರೆ ಅದೇ ಅಧ್ಯಯನದಲ್ಲಿ ನೂರಕ್ಕೆ 36 ಜನರಿಗೆ ನಡಿಗೆ ಓಲಾಡಿತು, 38 ಜನರಿಗೆ ಜೋಮು ಅಥವಾ ಮರಗಟ್ಟಿದಂತಾಯಿತು. ಬಹಳಷ್ಟು ಮಂದಿಗೆ ಸರಿಹೋಯಿತು. ಒಂದು ವರ್ಷದ ಮೇಲೂ ನೂರಕ್ಕೆ 9 ಜನರಿಗೆ ನಡಿಗೆಯ ತೊಂದರೆ, 14 ಜನರಿಗೆ ಜೋಮು ಉಳಿದಿತ್ತು. ವಿಡಿಯೋದಲ್ಲಿ ಇದು ಬರುವುದಿಲ್ಲ.

ಪಾರ್ಕಿನ್ಸನ್‌ನ ನಡುಕಕ್ಕೆ 2018ರಲ್ಲಿ, ಬಿಗಿತ ಮತ್ತು ಚಲನೆಯ ತೊಂದರೆಗಳಿಗೆ ಬೇರೊಂದು ಜಾಗವನ್ನು ಸುಡಲು 2021ರಲ್ಲಿ ಒಪ್ಪಿಗೆ ಬಂತು. ಇಲ್ಲೂ ಇಳಿಯುವುದು ಲಕ್ಷಣ ಮಾತ್ರ. ಪಾರ್ಕಿನ್ಸನ್ ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ, ಮಾತ್ರೆ ನಿಲ್ಲುವುದಿಲ್ಲ. ನಮ್ಮ ದೇಶದಲ್ಲೂ ಈ ಯಂತ್ರ ಬಂದಿದೆ, ಕೊಯಮತ್ತೂರಿನಲ್ಲಿ ಇದೆ. ಎಲ್ಲರಿಗೂ ಹೊಂದುವುದಿಲ್ಲ. ಬುರುಡೆಯ ಮೂಳೆಯ ಗುಣ ಸರಿಯಿಲ್ಲದಿದ್ದರೆ ಬೇಕಾದಷ್ಟು ಬಿಸಿ ಏರುವುದಿಲ್ಲ. ಎಂಆರ್‌ಐಗೆ ಹೊಂದದ ಪೇಸ್‌ಮೇಕರ್ ಇದ್ದವರಿಗೆ ಆಗದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ವೈದ್ಯರು ಬೇರೆಯಾಗಿ ಯೋಚಿಸಬೇಕಾಗುತ್ತದೆ.

ಇಷ್ಟೆಲ್ಲದರ ಮೊದಲು ಇನ್ನೊಂದು ಕೆಲಸ ಇದೆ. ನಡುಕ ಇರುವವರು ತಿನ್ನುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ನರರೋಗ ತಜ್ಞರ ಮುಂದೆ ಸುರಿಯಿರಿ. ಗ್ಯಾಸ್‌ಗೆಂದು ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಲೆವೋಸಲ್‌ಪಿರೈಡ್ ಇರುತ್ತದೆ, ತಲೆಸುತ್ತಿಗೆ ಕೊಡುವವುಗಳಲ್ಲಿ ಸಿನ್ನಾರಿಜಿನ್ ಇರುತ್ತದೆ. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ಇವೇ ಪಾರ್ಕಿನ್ಸನ್‌ನಂಥ ನಡುಕ, ಬಿಗಿತ ತರಬಹುದು. ಊರಿನ ಡಾಕ್ಟರು ಯಾವಾಗಲೋ ಹತ್ತು ದಿನಕ್ಕೆ ಬರೆದುಕೊಟ್ಟಿದ್ದನ್ನು ಮೆಡಿಕಲ್ ಶಾಪಿನಿಂದ ವರ್ಷಾನುಗಟ್ಟಲೆ ತರಿಸಿ ತಿನ್ನುವವರು ನಮ್ಮಲ್ಲಿ ಬಹಳ. ನೀವಾಗಿ ನಿಲ್ಲಿಸಬೇಡಿ, ತೋರಿಸಿ ಕೇಳಿ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ.

*ತಟ್ಟುವ ಅಲೆ*

ನನಗೆ ಬಹಳ ಕುತೂಹಲ ಹುಟ್ಟಿಸುವುದು ಈ ಎರಡನೆಯದು, ಮೋಸಕ್ಕೆ ಬಳಕೆಯಾಗುತ್ತಿರುವುದೂ ಇದೇ.

ಅಲೆಯ ಬಲವನ್ನು ಬಹಳ ಕಡಿಮೆ ಮಾಡಿ, ಬಿಟ್ಟು ಬಿಟ್ಟು ಕಳಿಸಿದರೆ ಮೆದುಳು ಸುಡುವುದಿಲ್ಲ. ಬಿಸಿ ಏರುವುದೂ 2 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತಾರೆ. ಆದರೂ ಆ ಒತ್ತಡಕ್ಕೆ ನರಕೋಶ ಸ್ಪಂದಿಸುತ್ತದೆ. ನರಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಕೆಲವು ತಳ್ಳಿದರೆ, ಎಳೆದರೆ ತೆರೆಯುವಂಥವು. ಅಲೆ ತಟ್ಟಿದಾಗ ಅವು ತೆರೆದು ಕ್ಯಾಲ್ಸಿಯಂ ಮುಂತಾದ ಕಣಗಳು ಒಳನುಗ್ಗುತ್ತವೆ, ಕೋಶ ಎಚ್ಚರಗೊಳ್ಳುತ್ತದೆ ಎನ್ನುವುದು ಈಗ ಹೆಚ್ಚು ಒಪ್ಪಿರುವ ವಿವರಣೆ. ತಟ್ಟುವ ಲಯ ಬದಲಾಯಿಸಿದರೆ ಎಬ್ಬಿಸುವ ಬದಲು ಸುಮ್ಮನಾಗಿಸಲೂ ಬರುತ್ತದೆ.

ಇದು ನಿನ್ನೆ ಮೊನ್ನೆಯ ಮಾತಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫ್ರೈ ಮತ್ತು ಜೊತೆಗಾರರು 1958ರಲ್ಲೇ ಬೆಕ್ಕುಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕಣ್ಣಿನಿಂದ ಬರುವ ಸುದ್ದಿಯನ್ನು ಮೆದುಳಿನ ಹಿಂಭಾಗಕ್ಕೆ ದಾಟಿಸುವ ಒಂದು ಠಾಣೆ ಥಾಲಮಸ್‌ನಲ್ಲಿದೆ. ಅಲ್ಲಿಗೆ ಅಲೆ ಹಾಯಿಸಿದಾಗ ಸುದ್ದಿ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಹರಿಯತೊಡಗಿತು. ಸುಡದೆ ತಡೆದು ಬಿಟ್ಟಂತೆ. ಆಗ ಬುರುಡೆ ತೆರೆದೇ ಮಾಡಬೇಕಿತ್ತು. 2010ರ ಹೊತ್ತಿಗೆ ಇಲಿಗಳಲ್ಲಿ ಬುರುಡೆ ತೆರೆಯದೆಯೇ ಮಾಡಿ, ಪಂಜ ಅಲುಗುವುದನ್ನು ಕಂಡರು.

ಮನುಷ್ಯರ ಸರದಿ ಬಂದಿದ್ದು 2014ರಲ್ಲಿ. ವರ್ಜೀನಿಯಾದಲ್ಲಿ ವಿನ್ ಲೆಗಾನ್, ಜೇಮೀ ಟೈಲರ್ ಮುಂತಾದವರ ತಂಡ, ಕೈಯ ಸ್ಪರ್ಶ ತಿಳಿಯುವ ಮೆದುಳಿನ ಭಾಗಕ್ಕೆ ಅಲೆ ಹಾಯಿಸಿತು. ಬೆರಳಿನ ಮೇಲೆ ಹತ್ತಿರ ಹತ್ತಿರ ಎರಡು ಮೊನೆ ಮುಟ್ಟಿಸಿ ಒಂದೋ ಎರಡೋ ಎಂದು ಕೇಳಿದರು. ಅಲೆ ಹಾಯುತ್ತಿದ್ದಾಗ ಜನ ಇನ್ನೂ ಸೂಕ್ಷ್ಮವಾಗಿ ಗುರುತಿಸಿದರು. ಅಲೆಯ ಚುಕ್ಕೆಯನ್ನು ಒಂದೇ ಒಂದು ಸೆಂಟಿಮೀಟರ್ ಆಚೆ ಸರಿಸಿದಾಗ ಆ ಲಾಭ ಮಾಯ. ಈ ವಿದ್ಯೆ ಎಷ್ಟು ನಿಖರವಾಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಖಿನ್ನತೆಗೆ ಈಗಾಗಲೇ ಬಳಕೆಯಲ್ಲಿರುವ ಕಾಂತದ ಚಿಕಿತ್ಸೆ, ಅಂದರೆ ಟಿಎಂಎಸ್, ಮೆದುಳಿನ ಮೇಲ್ಪದರವನ್ನಷ್ಟೇ ನೇರವಾಗಿ ತಲುಪುತ್ತದೆ. ಆಳಕ್ಕೆ ಹೋಗಬೇಕಾದರೆ ಬುರುಡೆಗೆ ತೂತು ಮಾಡಿ ತಂತಿ ಇಳಿಸಬೇಕು. ತಂತಿಯಿಲ್ಲದೆ ಆಳವನ್ನು ತಟ್ಟುವ ಸಾಧ್ಯತೆ ಇರುವುದಕ್ಕೇ ವಿಜ್ಞಾನಿಗಳಿಗೆ ಇದರ ಮೇಲೆ ಇಷ್ಟು ಆಸೆ. 2025ರಲ್ಲಿ ಲಂಡನ್ ಮತ್ತು ಆಕ್ಸ್‌ಫರ್ಡ್‌ನ ತಂಡ 256 ಮೂಲಗಳ ಟೋಪಿಯಿಂದ, ಫ್ರೈ ಬೆಕ್ಕುಗಳಲ್ಲಿ ಹಿಡಿದಿದ್ದ ಅದೇ ಕಣ್ಣಿನ ಠಾಣೆಯನ್ನು ಮನುಷ್ಯರಲ್ಲಿ ತಟ್ಟಿ, ದೃಷ್ಟಿಯ ಭಾಗದಲ್ಲಿ ಬದಲಾವಣೆ ಕಂಡಿತು. ಒಂದು ಲಯದಲ್ಲಿ ತಟ್ಟಿದಾಗ ಆ ಬದಲಾವಣೆ ಕನಿಷ್ಠ 40 ನಿಮಿಷ ಉಳಿಯಿತು.

ಗಮನಿಸಿ, 40 ನಿಮಿಷ. ಭಾಗವಹಿಸಿದವರು 7 ಜನ, ಎಲ್ಲರೂ ಆರೋಗ್ಯವಂತರು. ವಿಜ್ಞಾನದಲ್ಲಿ ಇದು ದೊಡ್ಡ ಹೆಜ್ಜೆ. "ಹತ್ತು ಸಿಟ್ಟಿಂಗ್‌ನಲ್ಲಿ ಮರೆವು ಗುಣ" ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಕ್ಷೇತ್ರ ಒಮ್ಮೆ ಸರಿಯಾಗಿ ಮುಗ್ಗರಿಸಿದ್ದೂ ಉಂಟು. 2018ರಲ್ಲಿ ಎರಡು ತಂಡಗಳು ಇಲಿ ಮತ್ತು ಗಿನಿಪಿಗ್‌ಗಳಲ್ಲಿ ಪರೀಕ್ಷಿಸಿ, ಮೆದುಳು ಎಚ್ಚರಗೊಂಡಿದ್ದು ಅಲೆ ತಟ್ಟಿದ್ದರಿಂದಲ್ಲ, ಪ್ರಾಣಿಗೆ ಶಬ್ದ ಕೇಳಿಸಿದ್ದರಿಂದ ಎಂದು ತೋರಿಸಿದವು. ಕೇಳದ ಶಬ್ದ ಕೇಳಿಸುವುದು ಹೇಗೆ? ಬಿಟ್ಟು ಬಿಟ್ಟು ಕಳಿಸುವಾಗ ಆ ಬಿಟ್ಟು ಬಿಡುವ ಲಯವೇ ಮೂಳೆಯ ಮೂಲಕ ಒಳಕಿವಿಗೆ ಟಿಕ್ ಟಿಕ್ ಎಂದು ತಲುಪುತ್ತದೆ. ಕಿವಿಯ ದಾರಿ ಮುಚ್ಚಿದಾಗ ಆ ಪರಿಣಾಮ ಬಹುಪಾಲು ಹೋಯಿತು. ಅಂದಿನಿಂದ ಒಳ್ಳೆಯ ಸಂಶೋಧಕರು ಕಿವಿಗೆ ಬೇರೆ ಶಬ್ದ ಕೇಳಿಸಿ ಮರೆಮಾಚುವುದು, ನಾಟಕದ ಚಿಕಿತ್ಸೆಯ ಜೊತೆ ಹೋಲಿಸುವುದು ಕಡ್ಡಾಯ ಎಂಬಂತೆ ಮಾಡುತ್ತಾರೆ. ತಲೆಗೆ ಯಂತ್ರ ಹಾಕಿ ಟಿಕ್ ಟಿಕ್ ಕೇಳಿಸಿದರೆ ಯಾರಿಗಾದರೂ ಏನೋ ಆಯಿತು ಅನಿಸುತ್ತದಲ್ಲವೇ?

ಕೋಮಾದಿಂದ ಎದ್ದ ಯುವಕನ ಕತೆಯೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತಿದೆ. ಅದು ನಿಜ. 2016ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ 25 ವರ್ಷದ ಒಬ್ಬನಿಗೆ ಥಾಲಮಸ್ ತಟ್ಟಿದರು, ಕೆಲವೇ ದಿನಗಳಲ್ಲಿ ಅವನು ಮಾತು ಅರ್ಥ ಮಾಡಿಕೊಂಡು ತಲೆಯಾಡಿಸತೊಡಗಿದ. ಆದರೆ ಅವನು ಆಗಲೇ ಸ್ವಲ್ಪ ಸ್ವಲ್ಪ ಚೇತರಿಸುತ್ತಿದ್ದ. ಇದು ಕಾಕತಾಳೀಯವೂ ಇರಬಹುದು ಎಂದು ಆ ವೈದ್ಯರೇ ಹೇಳಿದ್ದಾರೆ. ಆ ಒಂದು ಸಾಲು ಫಾರ್ವರ್ಡ್ ಆಗುವುದಿಲ್ಲ.

ಮೂರನೆಯ ಬಗೆಯೊಂದಿದೆ, ಬೇಗ ಹೇಳಿ ಮುಗಿಸುತ್ತೇನೆ. ರಕ್ತಕ್ಕೆ ಸಣ್ಣ ಗುಳ್ಳೆಗಳನ್ನು ಬಿಟ್ಟು, ಅಲೆಯಿಂದ ಅವನ್ನು ಕುಲುಕಿ, ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡಿ ಔಷಧ ದಾಟಿಸುವುದು. ಅಲ್‌ಝೈಮರ್ ರೋಗಿಗಳಲ್ಲಿ ಇದನ್ನು ಔಷಧದ ಜೊತೆ ಮಾಡಿದ 2024ರ ವರದಿಯಲ್ಲಿದ್ದವರು 3 ಜನ. ಅದೂ ಸಂಶೋಧನೆಯ ಹಂತವೇ.

*ಕನ್ನಡದಲ್ಲಿ ಹೇಳಲು ಬರಬೇಕು*

ನಿಮ್ಮ ಮನೆಯವರಿಗೆ ವೈದ್ಯರೇ ಸುಡುವ ಚಿಕಿತ್ಸೆ ಸೂಚಿಸಿದರೆ, ಹೊರ ರಾಜ್ಯದಲ್ಲಿರುವ ನಮಗೆ ಒಂದು ವಿಶೇಷ ತೊಂದರೆ ಇದೆ. ಆ ಹೊತ್ತಿನಲ್ಲಿ ರೋಗಿ ಎಚ್ಚರವಾಗಿರಬೇಕು. ತಲೆ ಪೂರ್ತಿ ಬೋಳಿಸಿರುತ್ತಾರೆ (ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿ, ಆ ದಿನ ಬೆಳಿಗ್ಗೆ ಹೇಳಿದರೆ ಅವರ ಮನಸ್ಸಿಗೆ ಬಹಳ ನೋವಾಗುತ್ತದೆ). ತಲೆಗೆ ಚೌಕಟ್ಟು ಬಿಗಿದು, ಟೋಪಿ ಮತ್ತು ತಲೆಯ ನಡುವೆ ತಣ್ಣೀರು ಹರಿಸುತ್ತಾರೆ. ಪ್ರತಿ ಸಲ ಅಲೆ ಬಿಟ್ಟಾದ ಮೇಲೆ ವೈದ್ಯರು ಕೇಳುತ್ತಾರೆ: ಬೆರಳು ಜೋಮು ಹಿಡಿಯಿತೇ? ತುಟಿ ಮರಗಟ್ಟಿತೇ? ಮಾತು ತೊದಲುತ್ತಿದೆಯೇ? ಹಲಗೆಯ ಮೇಲೆ ಚಕ್ಕುಲಿಯಂಥ ಸುರುಳಿ ಬರೆಯಿಸುತ್ತಾರೆ. ರೋಗಿಯ ಉತ್ತರದ ಮೇಲೆಯೇ ಮುಂದಿನ ಅಲೆ ಅದೇ ಜಾಗಕ್ಕೋ, ಸ್ವಲ್ಪ ಪಕ್ಕಕ್ಕೋ ಎಂದು ತೀರ್ಮಾನ. ಕನ್ನಡ ಬಿಟ್ಟು ಬೇರೆ ಬಾರದ ಹುಬ್ಬಳ್ಳಿಯ ಅಜ್ಜಿ ಪುಣೆಯ ಆಸ್ಪತ್ರೆಯಲ್ಲಿ ಗಾಬರಿಯಿಂದ "ಹಾಂ ಹಾಂ" ಎಂದುಬಿಟ್ಟರೆ ಏನು ಗತಿ?

ಆದ್ದರಿಂದ ಮೊದಲೇ ಮಾತಾಡಿ, ಕನ್ನಡ ಬಲ್ಲವರೊಬ್ಬರು ಮೈಕಿನ ಬಳಿ ಇರಲು ಅನುಮತಿ ಕೇಳಿ. ಜೋಮು, ಉರಿ, ತಲೆಸುತ್ತು, ವಾಕರಿಕೆ, ನೋವು, ನಿಲ್ಲಿಸಿ: ಈ ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಎದುರಿಗೆ ಅಲ್ಲಿನ ಭಾಷೆಯಲ್ಲಿ ಅರ್ಥ ಬರೆದು ವೈದ್ಯರ ಕೈಗೆ ಕೊಡಿ. ಮನೆಯಲ್ಲಿ ಎರಡು ಮೂರು ದಿನ ಅಭ್ಯಾಸ ಮಾಡಿಸಿ. ಬೇಡವೆನಿಸಿದರೆ ನಿಲ್ಲಿಸಿ ಎಂದು ಹೇಳುವ ಹಕ್ಕು ತಮಗಿದೆ ಎಂದು ಅವರಿಗೆ ಗೊತ್ತಿರಲಿ.

*ದುಡ್ಡು ಕೇಳಿದರೆ*

ತಟ್ಟುವ ಅಲೆಯ ಪ್ರಯೋಗಕ್ಕೆ ಯಾರಾದರೂ ಕರೆದರೆ, ಮೊದಲು ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ ರೋಗಿಗಳ ಮೇಲೆ ನಡೆಯುವ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸಬೇಕು, ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು. ನೀತಿ ಸಮಿತಿಯ ಒಪ್ಪಿಗೆ ಇದೆಯೇ ಕೇಳಿ. ಒಪ್ಪಿಗೆ ಪತ್ರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಅಮ್ಮನಿಗೆ ಅದು ಕನ್ನಡ, ನಾಚದೆ ಕೇಳಿ. ಪ್ರಯೋಗ ಎಂದು ಹೇಳಿ ಆ ಚಿಕಿತ್ಸೆಗೇ ಪ್ಯಾಕೇಜ್ ದರ ಹೇಳಿದರೆ ಎದ್ದು ಬನ್ನಿ.

ಫಿಸಿಯೋಥೆರಪಿಯ ಅಲ್ಟ್ರಾಸೌಂಡ್ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ, ಮಂಡಿನೋವಿಗೆ ತರಿಸಿದವರೂ ಇದ್ದೀರಿ. ದಯವಿಟ್ಟು ಅದನ್ನು ತಲೆಗೆ ಹಿಡಿಯಬೇಡಿ. ಅದರ ಅಲೆ ಒಂದು ಚುಕ್ಕೆಗೆ ಕೂಡುವುದಿಲ್ಲ, ಹೆಚ್ಚಿನ ಪಾಲು ಬುರುಡೆಯ ಮೂಳೆಯನ್ನೇ ಬಿಸಿ ಮಾಡುತ್ತದೆ. ಕಣ್ಣಿನ ಹತ್ತಿರವಂತೂ ತರಲೇಬಾರದು.

ಥಾಣೆಯ ಓದುಗರಿಗೆ ನಾನು ಬರೆದ ಉತ್ತರವನ್ನೂ ಇಲ್ಲಿ ಹಾಕುತ್ತೇನೆ. ಆ ಕ್ಲಿನಿಕ್‌ಗೆ ಹೋಗಬೇಡಿ. ಅಮ್ಮನನ್ನು ಕರೆಸಿಕೊಳ್ಳುವುದು ಒಳ್ಳೆಯದೇ, ಆದರೆ ಮೊದಲು ನರರೋಗ ತಜ್ಞರಿಗೆ ತೋರಿಸಿ ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡರಲ್ಲಿ ಯಾವುದು ಕಡಿಮೆಯಾದರೂ ಮರೆವು ಬರುತ್ತದೆ, ಎರಡಕ್ಕೂ ಅಗ್ಗದ ಮದ್ದಿದೆ. ಕಿವಿ ಸರಿಯಾಗಿ ಕೇಳುತ್ತಿದೆಯೇ ನೋಡಿ, ಕೇಳಿಸಿಕೊಳ್ಳದ್ದನ್ನು ನಾವು ಮರೆತರು ಅಂದುಕೊಳ್ಳುತ್ತೇವೆ. ನೆನಪಿನ ಪರೀಕ್ಷೆ ಮಾಡುವಾಗ ನೀವು ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿ, ಉತ್ತರ ಮಾತ್ರ ಹೇಳಿಕೊಡಬೇಡಿ. ಹಿಂದಿಯಲ್ಲಿ ಕೇಳಿದ ವಾರದ ಹೆಸರುಗಳಿಗೆ ಉತ್ತರ ಬಾರದೆ ಅಂಕ ಕಡಿಮೆಯಾದರೆ ಅದು ಮರೆವಲ್ಲ.